ಗಡಿಯಾರ ಯಾರ ಕೈಯಲ್ಲಿದೆ? ಉಪಗ್ರಹ ಸ್ಥಾನನಿರ್ಣಯದ ರಾಜಕೀಯ ಇತಿಹಾಸ

ಮಾನ್ವಿ ತಾಲ್ಲೂಕಿನ ಹಳ್ಳಿಯೊಂದರಲ್ಲಿ ನನ್ನ ಹಳೆಯ ವಿದ್ಯಾರ್ಥಿಯೊಬ್ಬನ ಹೊಲವಿದೆ. ಕಳೆದ ಬೇಸಿಗೆಯಲ್ಲಿ ಅಲ್ಲಿಗೆ ಹೋಗಿದ್ದಾಗ ಅವನ ತಂದೆ ಬದುವಿನ ಮೇಲೆ ನಿಂತು ಮೊಬೈಲನ್ನು ನನ್ನ ಮುಂದೆ ಹಿಡಿದರು. ಪರದೆಯ ಮೇಲೆ ದಿಶಾಂಕ್ ತೆರೆದಿತ್ತು. ನಾವು ನಿಂತ ಜಾಗದ ಸರ್ವೆ ನಂಬರನ್ನು ತೋರಿಸುವ ಈ ತಂತ್ರಾಂಶವನ್ನು ರೂಪಿಸಿದ್ದು ಕರ್ನಾಟಕ ರಾಜ್ಯ ದೂರಸಂವೇದಿ ಅನ್ವಯಿಕ ಕೇಂದ್ರ.

"ನಾ ನಮ್ಮ ಹೊಲದಾಗ ನಿಂತೀನ್ರಿ ಸರ್, ಇದು ಮಗ್ಗಲಿನವರ ನಂಬರ್ ತೋರಸಾಕತ್ತೈತಿ. ನಾಕು ಹೆಜ್ಜಿ ಈಚಿಗೆ ಬಂದ್ರ ನಮ್ದು ಬರ್ತೈತಿ. ಇದನ್ನ ನಂಬಬೇಕೋ ಬ್ಯಾಡೋ?"

ಫೋನಿನಲ್ಲಿ ಐದರಿಂದ ಹತ್ತು ಮೀಟರಿನಷ್ಟು ತಪ್ಪು ಸಹಜ, ಹದ್ದುಬಸ್ತಿಗೆ ಇದು ಆಧಾರವಾಗದು, ಅದಕ್ಕೆ ಸರ್ವೇಯರೇ ಬರಬೇಕು ಎಂದೆ. ಅವರು ತಲೆಯಾಡಿಸಿದರು. ಸ್ವಲ್ಪ ಹೊತ್ತು ಬಿಟ್ಟು ಇನ್ನೊಂದು ಪ್ರಶ್ನೆ ಕೇಳಿದರು: "ಇದು ಅಮೆರಿಕಾದವರದಂತಲ್ರಿ. ನಾಳಿ ಅವರಿಗೂ ನಮಗೂ ಕೆಟ್ರ ಬಂದ್ ಮಾಡ್ತಾರೇನು?"

ಮೊದಲ ಪ್ರಶ್ನೆಗೆ ಉತ್ತರ ಭೌತವಿಜ್ಞಾನದ ಪಠ್ಯದಲ್ಲಿ ಸಿಗುತ್ತದೆ. ಎರಡನೆಯದಕ್ಕೆ ಇತಿಹಾಸವನ್ನು ನೋಡಬೇಕು. ನಾವು ಅಧ್ಯಾಪಕರು ತರಗತಿಯಲ್ಲಿ ಮೊದಲನೆಯದನ್ನು ಹೇಳಿ ಎರಡನೆಯದನ್ನು ಬಿಟ್ಟುಬಿಡುತ್ತೇವೆ. ಒಂದು ವ್ಯವಸ್ಥೆ ಎಷ್ಟು ವಿಶ್ವಾಸಾರ್ಹ ಎಂಬುದನ್ನು ಎರಡನ್ನೂ ಕೂಡಿಸಿಯೇ ಅಳೆಯಬೇಕು.

ಗುಂಟೆಯ ಲೆಕ್ಕ

ಉಪಗ್ರಹದಿಂದ ಸ್ಥಾನವನ್ನು ಕಂಡುಹಿಡಿಯುವುದೆಂದರೆ ಮೂಲತಃ ಕಾಲವನ್ನು ಅಳೆಯುವುದು. ಜಿಪಿಎಸ್ ಉಪಗ್ರಹಗಳು ಸುಮಾರು 20,200 ಕಿ.ಮೀ. ಎತ್ತರದಲ್ಲಿ ಸುತ್ತುತ್ತವೆ. ಪ್ರತಿಯೊಂದರಲ್ಲೂ ಪರಮಾಣು ಗಡಿಯಾರವಿದೆ. "ನಾನು ಇಲ್ಲಿದ್ದೇನೆ, ಈಗ ಸಮಯ ಇಷ್ಟು" ಎಂದು ಅವು ಸದಾ ಬಿತ್ತರಿಸುತ್ತಿರುತ್ತವೆ. ಸಂಕೇತ ತಲುಪಲು ಹಿಡಿದ ಕಾಲವನ್ನು ಬೆಳಕಿನ ವೇಗದಿಂದ ಗುಣಿಸಿದರೆ ದೂರ ಸಿಗುತ್ತದೆ. ನಮಗೆ ಬೇಕಾದ ಅಜ್ಞಾತಗಳು ನಾಲ್ಕು: ಸ್ಥಾನದ ಮೂರು ನಿರ್ದೇಶಾಂಕಗಳು ಮತ್ತು ನಮ್ಮ ಗ್ರಾಹಕದ ಅಗ್ಗದ ಗಡಿಯಾರದ ತಪ್ಪು. ಆದ್ದರಿಂದ ಕನಿಷ್ಠ ನಾಲ್ಕು ಉಪಗ್ರಹಗಳು ಬೇಕು. ಸಾಪೇಕ್ಷತಾ ಸಿದ್ಧಾಂತದ ಪರಿಣಾಮದಿಂದ ಅಲ್ಲಿನ ಗಡಿಯಾರ ದಿನಕ್ಕೆ 38 ಮೈಕ್ರೊಸೆಕೆಂಡು ಮುಂದೆ ಓಡುತ್ತದೆ ಎಂಬುದನ್ನೂ ಲೆಕ್ಕಕ್ಕೆ ಹಿಡಿದಿರುತ್ತಾರೆ.

ಬೆಳಕು ಒಂದು ನ್ಯಾನೊಸೆಕೆಂಡಿನಲ್ಲಿ 30 ಸೆಂ.ಮೀ. ಸಾಗುತ್ತದೆ. ಆಕಾಶದಲ್ಲಿರುವ ಗಡಿಯಾರವನ್ನು ಮೈಕ್ರೊಸೆಕೆಂಡಿನ ಮೂರನೆಯ ಒಂದು ಭಾಗದಷ್ಟು ಅಲುಗಿಸಿದರೆ ಸಾಕು, ದೂರದಲ್ಲಿ 100 ಮೀಟರು ತಪ್ಪು ಬರುತ್ತದೆ. ನಮ್ಮ ಗುಂಟೆ 33 ಅಡಿಗೆ 33 ಅಡಿ, ಅಂದರೆ ಸುಮಾರು 101 ಚದರ ಮೀಟರು. ತಪ್ಪು 5 ಮೀಟರಾದರೆ ಅನಿಶ್ಚಿತತೆಯ ವೃತ್ತ ಮುಕ್ಕಾಲು ಗುಂಟೆ, 10 ಮೀಟರಾದರೆ ಮೂರು ಗುಂಟೆ. ತಪ್ಪು 100 ಮೀಟರಾದರೆ ಏಳೂಮುಕ್ಕಾಲು ಎಕರೆ! ನಮ್ಮ ಕಡೆ ಎಷ್ಟೋ ಸಂಸಾರಗಳ ಪೂರ್ತಿ ಹೊಲ ಆ ವೃತ್ತದೊಳಗೆ ಅಡಗಿಬಿಡುತ್ತದೆ.

ಈ 100 ಮೀಟರನ್ನು ನಾನು ಉದಾಹರಣೆಗೆಂದು ಕಲ್ಪಿಸಿಕೊಂಡದ್ದಲ್ಲ. ಹತ್ತು ವರ್ಷ ಕಾಲ ಇಡೀ ಜಗತ್ತಿಗೆ ಉದ್ದೇಶಪೂರ್ವಕವಾಗಿ ಕೊಡಲಾಗಿದ್ದ ತಪ್ಪು ಇಷ್ಟೇ.

ಯುದ್ಧದ ಕೂಸು

1957ರಲ್ಲಿ ಸ್ಪುಟ್ನಿಕ್ ಹಾರಿದಾಗ ಅಮೆರಿಕದ ಜಾನ್ಸ್ ಹಾಪ್‌ಕಿನ್ಸ್ ವಿಶ್ವವಿದ್ಯಾಲಯದ ಪ್ರಯೋಗಾಲಯದಲ್ಲಿದ್ದ ಗೈಯರ್ ಮತ್ತು ವೈಫೆನ್‌ಬಾಕ್ ಎಂಬ ಇಬ್ಬರು ಅದರ ರೇಡಿಯೊ ಸದ್ದಿನ ಡಾಪ್ಲರ್ ಪಲ್ಲಟದಿಂದ ಅದರ ಕಕ್ಷೆಯನ್ನು ಲೆಕ್ಕಹಾಕಿದರು. ಇದನ್ನು ತಿರುಗಿಸಿದರೆ, ಅಂದರೆ ಕಕ್ಷೆ ಗೊತ್ತಿದ್ದರೆ, ನೆಲದ ಮೇಲಿನ ಸ್ಥಾನ ಸಿಗುತ್ತದೆಯಲ್ಲ ಎಂದು ಅವರ ಹಿರಿಯ ಸಹೋದ್ಯೋಗಿ ಮೆಕ್‌ಕ್ಲೂರ್ 1958ರಲ್ಲಿ ಸೂಚಿಸಿದರು. ಪೊಲಾರಿಸ್ ಕ್ಷಿಪಣಿ ಹೊತ್ತ ಜಲಾಂತರ್ಗಾಮಿಗಳಿಗೆ ತಮ್ಮ ಸ್ಥಾನ ತಿಳಿಯಬೇಕಾಗಿತ್ತು. ಹೀಗೆ ಹುಟ್ಟಿದ್ದು ಟ್ರಾನ್ಸಿಟ್ ವ್ಯವಸ್ಥೆ. ಅದರ ಮುಂದಿನ ಪೀಳಿಗೆಯಾದ ಜಿಪಿಎಸ್‌ನ ರೂಪುರೇಷೆ 1973ರಲ್ಲಿ ಅಮೆರಿಕದ ರಕ್ಷಣಾ ಇಲಾಖೆಯಲ್ಲಿ ಸಿದ್ಧವಾಯಿತು. ಮೊದಲ ಉಪಗ್ರಹ ಹಾರಿದ್ದು 1978ರ ಫೆಬ್ರವರಿಯಲ್ಲಿ.

1983ರ ಸೆಪ್ಟೆಂಬರ್ 1ರಂದು ಕೊರಿಯನ್ ಏರ್‌ಲೈನ್ಸ್‌ನ 007 ಸಂಖ್ಯೆಯ ವಿಮಾನ ದಾರಿ ತಪ್ಪಿ ಸೋವಿಯತ್ ವಾಯುಪ್ರದೇಶಕ್ಕೆ ನುಗ್ಗಿತು. ಸೋವಿಯತ್ ಯುದ್ಧವಿಮಾನ ಅದನ್ನು ಹೊಡೆದುರುಳಿಸಿತು. 269 ಜನ ಸತ್ತರು. ಅದೇ ತಿಂಗಳು ಅಧ್ಯಕ್ಷ ರೇಗನ್ ಸರ್ಕಾರ, ಜಿಪಿಎಸ್ ಸಿದ್ಧವಾದ ಮೇಲೆ ನಾಗರಿಕ ವಿಮಾನಗಳಿಗೂ ದೊರೆಯುವುದೆಂದು ಘೋಷಿಸಿತು. ಜಗತ್ತಿಗೆ ಜಿಪಿಎಸ್ ಪುಕ್ಕಟೆ ಸಿಕ್ಕಿದ್ದರ ಹಿಂದೆ ಈ ದುರಂತವಿದೆ.

ಆದರೆ ಕೊಟ್ಟ ಕೈಯಲ್ಲೇ ಹಿಡಿತವೂ ಉಳಿಯಿತು. ನಾಗರಿಕ ಸಂಕೇತ ತಾವು ಅಂದುಕೊಂಡದ್ದಕ್ಕಿಂತ ಚೆನ್ನಾಗಿ ಕೆಲಸ ಮಾಡುತ್ತಿದೆ ಎಂದು ಸೈನ್ಯಕ್ಕೆ ಗೊತ್ತಾದಾಗ, 1990ರ ಮಾರ್ಚ್‌ನಲ್ಲಿ 'ಸೆಲೆಕ್ಟಿವ್ ಅವೈಲಬಿಲಿಟಿ' ಜಾರಿಗೆ ಬಂತು. ಹೆಸರು ಸೌಮ್ಯವಾಗಿದೆ, ಕೆಲಸ ಮಾತ್ರ ಗಡಿಯಾರವನ್ನು ಬೇಕೆಂದೇ ಅಲುಗಿಸುವುದು. ಅಲುಗಾಟದ ಗುಟ್ಟು ಗೊತ್ತಿದ್ದ ಸೈನಿಕ ಗ್ರಾಹಕಗಳಿಗೆ ನಿಖರ ಸ್ಥಾನ ಸಿಗುತ್ತಿತ್ತು, ಉಳಿದವರಿಗೆ 100 ಮೀಟರಿನವರೆಗೆ ತಪ್ಪು. ಜಾರಿಯಾಗಿ ಐದೇ ತಿಂಗಳಿಗೆ ಕೊಲ್ಲಿ ಬಿಕ್ಕಟ್ಟು ಬಂತು. ಸೈನಿಕ ಗ್ರಾಹಕಗಳು ಸಾಲದೆ ಅಮೆರಿಕದ ಸೈನ್ಯ ಅಂಗಡಿಯ ನಾಗರಿಕ ಗ್ರಾಹಕಗಳನ್ನೇ ಕೊಂಡು ಮರುಭೂಮಿಗೆ ಕಳಿಸಬೇಕಾಯಿತು. ತನ್ನ ಸೈನಿಕರೇ ದಾರಿ ತಪ್ಪದಿರಲೆಂದು ಅಲುಗಾಟವನ್ನು ನಿಲ್ಲಿಸಲಾಯಿತು. ಯುದ್ಧ ಮುಗಿದ ಮೇಲೆ ಮತ್ತೆ ಶುರುವಾಯಿತು.

ರಾಯಚೂರು ಕೋಟೆಯ ಬೆಟ್ಟದ ಮೇಲೆ

ಈ ಅಲುಗಾಟವನ್ನು ನಾನು ಕಣ್ಣಾರೆ ಕಂಡಿದ್ದೇನೆ. 2000ದ ಮಾರ್ಚ್‌ನಲ್ಲಿ ನಾನು ರಾಯಚೂರಿನಲ್ಲಿ ಹೊಸ ಅಧ್ಯಾಪಕ. ನೀರಾವರಿ ಕೆಲಸದಲ್ಲಿದ್ದ ಗೆಳೆಯರೊಬ್ಬರಿಂದ ಕೈಯಲ್ಲಿ ಹಿಡಿಯುವ ಗ್ರಾಹಕವೊಂದನ್ನು ಎರವಲು ತಂದು, ಬಿಎಸ್ಸಿ ಹುಡುಗರೊಡನೆ ಕೋಟೆಯ ಬೆಟ್ಟ ಹತ್ತಿದೆ. ಬೆಳಿಗ್ಗೆಯಿಂದ ಸಂಜೆಯವರೆಗೆ ಐದೈದು ನಿಮಿಷಕ್ಕೊಮ್ಮೆ ಅಕ್ಷಾಂಶ, ರೇಖಾಂಶ ಬರೆದುಕೊಂಡೆವು. ಗ್ರಾಹಕ ಕದಲಿರಲಿಲ್ಲ. ಆದರೆ ಗ್ರಾಫ್ ಹಾಳೆಯ ಮೇಲೆ ಬಿಂದುಗಳು ಕಣದಲ್ಲಿ ಚೆಲ್ಲಿದ ಜೋಳದ ಹಾಗೆ ಹರಡಿದ್ದವು.

ಸರಾಸರಿ ತೆಗೆದರೆ ಇಂಥ ಯಾದೃಚ್ಛಿಕ ತಪ್ಪು ಕಡಿಮೆಯಾಗಬೇಕು. ತೆಗೆದೆವು. ಆದರೂ ಸರಾಸರಿ ಬಿಂದು ಭಾರತೀಯ ಸರ್ವೇಕ್ಷಣ ಇಲಾಖೆಯ ಭೂಪಟದಲ್ಲಿದ್ದ ಸ್ಥಾನದಿಂದ ನೂರು ಮೀಟರಿಗೂ ಮಿಕ್ಕಿ ದೂರವಿತ್ತು. 1:50,000 ಪ್ರಮಾಣದ ನಕ್ಷೆಯಲ್ಲಿ ಅದು ಎರಡು ಮಿಲಿಮೀಟರಿಗೂ ಹೆಚ್ಚು, ಕಣ್ಣಿಗೆ ಕಾಣುವಷ್ಟು. "ಇದೂ ಅಮೆರಿಕದವರ ಕಿತಾಪತಿ ಸರ್" ಎಂದರು ಹುಡುಗರು. ಎರಡು ದಿನ ನಾನೂ ಹಾಗೆಯೇ ನಂಬಿದ್ದೆ.

ತಪ್ಪು ಬೇರೆಡೆ ಇತ್ತು. ನಮ್ಮ ಹಳೆಯ ಭೂಪಟಗಳು ಎವರೆಸ್ಟ್ 1830 ಎಂಬ ಗೋಳಾಭವನ್ನು ಭೂಮಿಯ ಆಕಾರವೆಂದು ಹಿಡಿದು ರಚನೆಯಾದವು. ಲ್ಯಾಂಬ್ಟನ್ ಶುರುಮಾಡಿ ಜಾರ್ಜ್ ಎವರೆಸ್ಟ್ ಮುಂದುವರಿಸಿದ ಮಹಾ ತ್ರಿಕೋನಮಿತಿ ಮೋಜಣಿಯ ಫಲ ಅದು. ಗುತ್ತಿಯ ಬಳಿ 1811ರಲ್ಲಿ, ಬೀದರ್ ಬಳಿ 1815ರಲ್ಲಿ ಆಧಾರರೇಖೆಗಳನ್ನು ಅಳೆಯುತ್ತ ಆ ಮೋಜಣಿ ಕೃಷ್ಣಾ ತುಂಗಭದ್ರೆಗಳ ನಡುವಿನ ನಮ್ಮ ದೋಆಬ್ ದಾಟಿಯೇ ಉತ್ತರಕ್ಕೆ ಹೋಯಿತು. ಜಿಪಿಎಸ್ ಬಳಸುವುದು ಡಬ್ಲ್ಯುಜಿಎಸ್-84 ಎಂಬ ಬೇರೆ ಗೋಳಾಭವನ್ನು. ಎರಡರ ಕೇಂದ್ರಗಳೂ ಬೇರೆ, ಗಾತ್ರವೂ ಬೇರೆ. (ಪ್ರಾಸಂಗಿಕವಾಗಿ ಒಂದು ಮಾತು: ಆ ಭೂಪಟಗಳಲ್ಲಿ ದೇವದುರ್ಗ 56-ಡಿ ಹಾಳೆಯಲ್ಲಿ, ರಾಯಚೂರು 56-ಎಚ್‌ನಲ್ಲಿ, ಮಾನ್ವಿ 57-ಇಯಲ್ಲಿ ಬರುತ್ತವೆ. ಒಂದೇ ಜಿಲ್ಲೆಯ ಮೂರು ಊರಿಗೆ ಮೂರು ಹಾಳೆ ಕೊಳ್ಳಬೇಕಾಗಿತ್ತು.)

2000ದ ಮೇ 1ರ ಮಧ್ಯರಾತ್ರಿ, ಅಧ್ಯಕ್ಷ ಕ್ಲಿಂಟನ್ ಆದೇಶದಂತೆ, ಅಲುಗಾಟ ನಿಂತಿತು. ಜೂನ್‌ನಲ್ಲಿ ಅದೇ ಗ್ರಾಹಕ ಹಿಡಿದು ಅದೇ ಬಂಡೆಯ ಮೇಲೆ ಕುಳಿತೆವು. ಚೆಲ್ಲಿದ ಜೋಳ ಈಗ ಒಂದು ಹಿಡಿಯಷ್ಟು ಜಾಗದಲ್ಲಿ ಕೂಡಿಕೊಂಡಿತ್ತು. ಭೂಪಟದೊಂದಿಗಿನ ವ್ಯತ್ಯಾಸ ಮಾತ್ರ ಹಾಗೆಯೇ ಇತ್ತು. ಯಾದೃಚ್ಛಿಕ ತಪ್ಪು ಯಾವುದು, ವ್ಯವಸ್ಥಿತ ತಪ್ಪು ಯಾವುದು ಎಂಬ ಪಾಠವನ್ನು ಇದಕ್ಕಿಂತ ಚೆನ್ನಾಗಿ ನಾನು ಎಂದೂ ಕಲಿಸಿಲ್ಲ. ರಾಜಕೀಯವನ್ನು ದೂರುವ ಮೊದಲು ನಮ್ಮ ಗೋಳಾಭವನ್ನು ನೋಡಿಕೊಳ್ಳಬೇಕೆಂದು ನಾನೂ ಕಲಿತೆ.

ಅಲುಗಾಟ ನಿಂತದ್ದು ಬರಿಯ ಔದಾರ್ಯದಿಂದಲ್ಲ. ಗೊತ್ತಿರುವ ಸ್ಥಳದಲ್ಲಿ ಗ್ರಾಹಕವಿಟ್ಟು ತಪ್ಪನ್ನು ಅಳೆದು ಬಿತ್ತರಿಸಿದರೆ ಸುತ್ತಲಿನವರು ಅದನ್ನು ಕಳೆದುಕೊಳ್ಳಬಹುದು. ಅಮೆರಿಕದ ಕರಾವಳಿ ರಕ್ಷಣಾ ದಳವೇ ಹಡಗುಗಳಿಗೆ ಇಂಥ ತಿದ್ದುಪಡಿ ಕೊಡುತ್ತಿತ್ತು. ಒಂದೇ ಸರ್ಕಾರದ ಒಂದು ಇಲಾಖೆ ತಪ್ಪು ಬೆರೆಸುವುದು, ಇನ್ನೊಂದು ಸೋಸುವುದು! ಮೇಲಾಗಿ, ಬೇಕಾದ ಪ್ರದೇಶದಲ್ಲಿ ಮಾತ್ರ ಸಂಕೇತ ಸಿಗದಂತೆ ಮಾಡಬಲ್ಲೆವೆಂಬ ವಿಶ್ವಾಸ ಅವರಿಗೆ ಆಗ ಬಂದಿತ್ತು. ಮುಂದಿನ ಪೀಳಿಗೆಯ ಉಪಗ್ರಹಗಳಲ್ಲಿ ಈ ಸೌಲಭ್ಯವನ್ನೇ ಇಡುವುದಿಲ್ಲವೆಂದು 2007ರಲ್ಲಿ ಪ್ರಕಟಿಸಿದರು.

ಕಾರ್ಗಿಲ್‌ನ ಮಾತು

1999ರ ಕಾರ್ಗಿಲ್ ಯುದ್ಧದಲ್ಲಿ ಭಾರತ ಕೇಳಿದಾಗ ಅಮೆರಿಕ ಜಿಪಿಎಸ್ ಮಾಹಿತಿ ಕೊಡಲಿಲ್ಲ ಎಂಬ ಮಾತನ್ನು ಪತ್ರಿಕೆಗಳಲ್ಲಿ ಓದಿಯೇ ಇರುತ್ತೀರಿ. ಭೌತವಿಜ್ಞಾನದ ವಿದ್ಯಾರ್ಥಿ ಈ ವಾಕ್ಯವನ್ನು ಸ್ವಲ್ಪ ಎಚ್ಚರದಿಂದ ಓದಬೇಕು. ಜಿಪಿಎಸ್ ಉಪಗ್ರಹ ಯಾರಿಗೂ ಕೇಳಿದಾಗ ಮಾಹಿತಿ ಕಳಿಸುವುದಿಲ್ಲ. ಅದು ಆಕಾಶವಾಣಿಯ ಹಾಗೆ ಬಿತ್ತರಿಸುತ್ತದೆ, ಗ್ರಾಹಕ ಕೇಳಿಸಿಕೊಳ್ಳುತ್ತದೆ. ಆ ಬೇಸಿಗೆಯಲ್ಲೂ ನಾಗರಿಕ ಸಂಕೇತ ಅಲುಗಾಟದೊಂದಿಗೆ ಎಲ್ಲರಿಗೂ ಸಿಗುತ್ತಿತ್ತು. ನಿಖರವಾದ ಸೈನಿಕ ಸಂಕೇತಕ್ಕೆ ಮಾತ್ರ ಗುಪ್ತಲಿಪಿಯ ಬೀಗವಿತ್ತು, ಬೀಗದಕೈ ಅಮೆರಿಕದ ಮಿತ್ರರಾಷ್ಟ್ರಗಳಿಗೆ ಮಾತ್ರ. 1998ರ ಪೋಖ್ರಾನ್ ಪರೀಕ್ಷೆಯ ನಂತರ ದಿಗ್ಬಂಧನಕ್ಕೆ ಒಳಗಾಗಿದ್ದ ದೇಶಕ್ಕೆ ಅದು ಸಿಗುವ ಸಂಭವ ಎಷ್ಟೆಂದು ನೀವೇ ಊಹಿಸಬಹುದು. ಪರ್ವತದ ಏಣಿನ ಮೇಲಿನ ಬಂಕರನ್ನು ಗುರಿಯಾಗಿಸುವವನಿಗೆ 100 ಮೀಟರಿನ ತಪ್ಪೆಂದರೆ ಏಣಿನ ಆಚೆ ಬದಿ. ಸಂಕೇತ ಇತ್ತು, ಭರವಸೆ ಇರಲಿಲ್ಲ.

ಬೇರೆಯವರ ಅನುಭವವೂ ಹೆಚ್ಚು ಭಿನ್ನವಲ್ಲ. ಸೋವಿಯತ್ ಒಕ್ಕೂಟ 1982ರಿಂದ ಕಟ್ಟಿದ ಗ್ಲೊನಾಸ್ ವ್ಯವಸ್ಥೆ 1995ರ ಕೊನೆಗೆ 24 ಉಪಗ್ರಹಗಳ ಪೂರ್ಣ ಬಳಗವಾಯಿತು. ಆ ವೇಳೆಗೆ ಒಕ್ಕೂಟವೇ ಇರಲಿಲ್ಲ. ಹಣವಿಲ್ಲದೆ, ಸತ್ತ ಉಪಗ್ರಹಗಳ ಬದಲಿಗೆ ಹೊಸವು ಹಾರದೆ, 2001ರ ಹೊತ್ತಿಗೆ ಬೆರಳೆಣಿಕೆಯಷ್ಟು ಉಳಿದವು. ಯಾವ ಶತ್ರುವೂ ಅದನ್ನು ಕೆಡಿಸಲಿಲ್ಲ, ಒಡೆಯನ ಮನೆ ಮುರಿದದ್ದೇ ಸಾಕಾಯಿತು. ಮತ್ತೆ ಪೂರ್ಣ ಬಳಗವಾದದ್ದು 2011ರಲ್ಲಿ. 2014ರಲ್ಲಿ ಕ್ರಿಮಿಯಾ ವಿವಾದದ ಹೊತ್ತಿಗೆ, ಗ್ಲೊನಾಸ್ ನೆಲಕೇಂದ್ರಗಳಿಗೆ ಅಮೆರಿಕ ಜಾಗ ಕೊಡದಿದ್ದಾಗ ರಷ್ಯಾ ತನ್ನ ನೆಲದಲ್ಲಿದ್ದ ಜಿಪಿಎಸ್ ವೀಕ್ಷಣಾ ಕೇಂದ್ರಗಳ ಸೇವೆಯನ್ನು ತಡೆಯಿತು. ಯೂರೋಪಿನ ಗೆಲಿಲಿಯೋ ಕಟ್ಟಲು ಪಾಲು ಹಾಕಿದ್ದ ಬ್ರಿಟನ್, ಒಕ್ಕೂಟದಿಂದ ಹೊರಬಂದ ಮೇಲೆ ಅದರ ಗುಪ್ತ ಸರ್ಕಾರಿ ಸಂಕೇತದಿಂದ ಹೊರಗುಳಿಯಿತು. 2003ರಲ್ಲಿ ಅದೇ ಯೋಜನೆಗೆ ಸೇರಿದ್ದ ಚೀನಾ ಮುಂದೆ ತನ್ನ ದಾರಿ ಹಿಡಿದು 2020ರಲ್ಲಿ ಬೈದೋ ವ್ಯವಸ್ಥೆಯನ್ನು ಪೂರ್ಣಗೊಳಿಸಿತು. 2005ರಲ್ಲಿ ಗೆಲಿಲಿಯೋದ ಸಹಭಾಗಿತ್ವದ ಮಾತುಕತೆ ನಡೆಸಿದ್ದ ಭಾರತ, ಮರುವರ್ಷ ತನ್ನದೇ ವ್ಯವಸ್ಥೆಗೆ ಮಂಜೂರಾತಿ ನೀಡಿತು.

ನಮ್ಮದೇ ಆಕಾಶ, ಯಾರದೋ ಗಡಿಯಾರ

ಆ ವ್ಯವಸ್ಥೆಯೇ ಐಆರ್‌ಎನ್‌ಎಸ್‌ಎಸ್. 2013ರ ಜುಲೈ 1ರಂದು ಮೊದಲ ಉಪಗ್ರಹ ಹಾರಿತು. 2016ರ ಏಪ್ರಿಲ್ 28ರಂದು ಏಳನೆಯದು ಹಾರಿದಾಗ ಅದಕ್ಕೆ ನಾವಿಕ್ ಎಂಬ ಹೆಸರು ಬಂತು. ಸುಮಾರು 36,000 ಕಿ.ಮೀ. ಎತ್ತರದಲ್ಲಿ ಮೂರು ಭೂಸ್ಥಿರ ಉಪಗ್ರಹಗಳು, ನಾಲ್ಕು ಓರೆಯಾದ ಕಕ್ಷೆಯ ಉಪಗ್ರಹಗಳು. ಭಾರತ ಮತ್ತು ಸುತ್ತಲಿನ 1,500 ಕಿ.ಮೀ.ಗೆ ಸೇವೆ. ಇದರ ನೆಲದ ಕೆಲಸ ಬಹುಪಾಲು ಕರ್ನಾಟಕದಲ್ಲೇ ನಡೆಯುತ್ತದೆ: ಬೆಂಗಳೂರಿನ ಹೊರವಲಯದ ಬ್ಯಾಲಾಳುವಿನಲ್ಲಿ ನಾವಿಕ್‌ನ ಕೇಂದ್ರ ಮತ್ತು ಅದರ ಕಾಲಮಾಪನ ವ್ಯವಸ್ಥೆ, ಹಾಸನದಲ್ಲಿ ಉಪಗ್ರಹ ನಿಯಂತ್ರಣ.

ಆದರೆ ಉಪಗ್ರಹದೊಳಗಿನ ರುಬಿಡಿಯಂ ಗಡಿಯಾರಗಳು ಸ್ವಿಟ್ಜರ್ಲೆಂಡಿನಿಂದ ಕೊಂಡು ತಂದವು. ಒಂದು ಕೆಟ್ಟರೆ ಇನ್ನೊಂದಿರಲೆಂದು ಪ್ರತಿ ಉಪಗ್ರಹದಲ್ಲಿ ಮೂರು. 2016ರಲ್ಲಿ ಮೊದಲ ಉಪಗ್ರಹದ ಮೂರೂ ನಿಂತವು. ಮುಂದೆ ಬೇರೆ ಉಪಗ್ರಹಗಳಲ್ಲೂ ಗಡಿಯಾರಗಳು ಕೈಕೊಟ್ಟವು. ಅದೇ ದೇಶದ ಗಡಿಯಾರಗಳು ಗೆಲಿಲಿಯೋದಲ್ಲೂ ನಿಂತಿದ್ದವು, ಆದ್ದರಿಂದ ಇದು ಯಾರದೋ ಸಂಚು ಎನ್ನಲಾಗದು. ಆದರೆ ಸ್ವಂತ ಸಂಕೇತವಿದ್ದರೂ ಅದರ ಗುಂಡಿಗೆ ಎರವಲಿನದಾಗಿದ್ದರೆ ವ್ಯವಸ್ಥೆ ಅರ್ಧ ಮಾತ್ರ ನಮ್ಮದು. 2017ರ ಆಗಸ್ಟ್‌ನಲ್ಲಿ ಬದಲಿ ಉಪಗ್ರಹ ಹಾರಿಸಿದಾಗ ರಾಕೆಟ್ಟಿನ ಶಾಖಕವಚ ಕಳಚದೆ ಅದು ಒಳಗೇ ಉಳಿಯಿತು. 2018ರ ಏಪ್ರಿಲ್‌ನದು ಯಶಸ್ವಿಯಾಯಿತು.

ಅಹಮದಾಬಾದಿನ ಬಾಹ್ಯಾಕಾಶ ಅನ್ವಯಿಕ ಕೇಂದ್ರ ತಯಾರಿಸಿದ ಸ್ವದೇಶಿ ರುಬಿಡಿಯಂ ಗಡಿಯಾರ ಆಕಾಶಕ್ಕೇರಿದ್ದು 2023ರ ಮೇ 29ರಂದು, ಎನ್‌ವಿಎಸ್-01 ಉಪಗ್ರಹದಲ್ಲಿ. ಹೊತ್ತೊಯ್ದ ಜಿಎಸ್‌ಎಲ್‌ವಿ ರಾಕೆಟ್ಟಿನ ಕ್ರಯೊಜೆನಿಕ್ ಹಂತವೂ, 1993ರಲ್ಲಿ ಅಮೆರಿಕದ ಒತ್ತಡದಿಂದ ರಷ್ಯಾ ತಂತ್ರಜ್ಞಾನ ಕೊಡದೆ ಹಿಂದೆಗೆದ ಮೇಲೆ ನಾವೇ ಕಲಿತದ್ದು. 2025ರ ಜನವರಿ 29ರಂದು ಹೋದ ಎನ್‌ವಿಎಸ್-02, ಎಂಜಿನ್ನಿಗೆ ಉತ್ಕರ್ಷಕ ಬಿಡುವ ಕವಾಟ ತೆರೆಯದೆ, ಉದ್ದೇಶಿತ ಕಕ್ಷೆಗೆ ಏರಲಿಲ್ಲ. ಆ ವರ್ಷದ ಜುಲೈನಲ್ಲಿ ಸರ್ಕಾರ ಲೋಕಸಭೆಗೆ ಕೊಟ್ಟ ಉತ್ತರದ ಪ್ರಕಾರ ಸ್ಥಾನನಿರ್ಣಯಕ್ಕೆ ಒದಗುತ್ತಿದ್ದ ಉಪಗ್ರಹಗಳು ನಾಲ್ಕು. ಅಜ್ಞಾತಗಳು ನಾಲ್ಕು, ಸಮೀಕರಣಗಳೂ ನಾಲ್ಕೇ. ಒಂದು ಕಣ್ಮರೆಯಾದರೆ ಲೆಕ್ಕ ಬಿಡಿಸಲಾಗದ ಸ್ಥಿತಿ ಅದು.

ರಾಯಚೂರಿನ ವಿದ್ಯುತ್ತಿಗೂ ಇದಕ್ಕೂ ಏನು ಸಂಬಂಧ?

ಹೊಲದ ಬದು ಕಣ್ಣಿಗೆ ಕಾಣುತ್ತದೆ. ಉಪಗ್ರಹದ ಕಾಲವನ್ನು ನಂಬಿದ ಇನ್ನೊಂದು ಕೆಲಸ ನಮ್ಮೂರಿನಲ್ಲೇ ನಡೆಯುತ್ತಿದ್ದರೂ ಯಾರಿಗೂ ಕಾಣುವುದಿಲ್ಲ. 2013ರ ಡಿಸೆಂಬರ್ 31ರಂದು ರಾಯಚೂರು-ಸೊಲ್ಲಾಪುರ ನಡುವಿನ 765 ಕಿಲೊವೋಲ್ಟ್ ಮಾರ್ಗ ಚಾಲನೆಗೊಂಡು ದಕ್ಷಿಣ ಭಾರತದ ವಿದ್ಯುಜ್ಜಾಲ ಉಳಿದ ದೇಶದೊಂದಿಗೆ ಒಂದೇ ಆವರ್ತಾಂಕದಲ್ಲಿ ಮಿಡಿಯತೊಡಗಿತು. ಅದಕ್ಕೆ ಮುಂಚೆ ಸಂಪರ್ಕವಿದ್ದದ್ದು ಏಕಮುಖ ವಿದ್ಯುತ್ತಿನ ಮೂಲಕ. 2012ರ ಜುಲೈನಲ್ಲಿ ಉತ್ತರ ಭಾರತ ಕತ್ತಲಲ್ಲಿ ಮುಳುಗಿದಾಗ ನಮ್ಮ ದೀಪಗಳು ಉರಿಯುತ್ತಿದ್ದುದು ಅದರಿಂದಲೇ. ಒಂದಾದ ಮೇಲೆ, ದೂರದ ಎರಡು ಊರುಗಳ ವೋಲ್ಟೇಜ್ ತರಂಗಗಳ ನಡುವಿನ ಕೋನವನ್ನು ಸದಾ ಗಮನಿಸುತ್ತಿರಬೇಕಾಗುತ್ತದೆ. ಕೋನ ಬೆಳೆದರೆ ಜಾಲಕ್ಕೆ ಅಪಾಯ.

ಇಂಥ ದೊಡ್ಡ ಉಪಕೇಂದ್ರಗಳಲ್ಲಿ ಈ ಕೋನವನ್ನು ಅಳೆಯುವ ಉಪಕರಣಗಳು ಗಡಿಯಾರವಾಗಿ ಬಳಸುವುದು ಜಿಪಿಎಸ್ ಕಾಲವನ್ನು. 50 ಹರ್ಟ್ಸ್ ತರಂಗದಲ್ಲಿ ಒಂದು ಮೈಕ್ರೊಸೆಕೆಂಡಿನ ತಪ್ಪು 0.018 ಡಿಗ್ರಿಗೆ ಸಮ. ಅಂತರರಾಷ್ಟ್ರೀಯ ಮಾನಕ ಒಪ್ಪುವ ಒಂದು ಶೇಕಡಾ ತಪ್ಪು ಪೂರ್ತಿ ಕಾಲದ್ದೇ ಆದರೆ ಅದು 0.57 ಡಿಗ್ರಿ, ಅಂದರೆ 32 ಮೈಕ್ರೊಸೆಕೆಂಡಿಗೆ ಹತ್ತಿರ. 2016ರ ಜನವರಿ 26ರಂದು ಅಮೆರಿಕದವರು ಹಳೆಯ ಉಪಗ್ರಹವೊಂದನ್ನು ನಿವೃತ್ತಿಗೊಳಿಸುವಾಗ ಆದ ತಪ್ಪಿನಿಂದ ಹಲವು ಗಂಟೆ ಕಾಲ 13 ಮೈಕ್ರೊಸೆಕೆಂಡು ತಪ್ಪಾದ ಕಾಲ ಬಿತ್ತರವಾಯಿತು. ಯಾರಿಗೂ ದುರುದ್ದೇಶವಿರಲಿಲ್ಲ. ಆದರೂ ಮಾನಕ ಬಿಟ್ಟುಕೊಟ್ಟ ಸಲಿಗೆಯಲ್ಲಿ ಐದರಲ್ಲಿ ಎರಡು ಪಾಲು ಕರಗಿಹೋಗುವಷ್ಟು ತಪ್ಪು ಅದು. ದುರುದ್ದೇಶವಿದ್ದರೆ ಎಷ್ಟು ಸಾಕೆಂದು ಇದರಿಂದ ತಿಳಿಯುತ್ತದೆ.

ಬಂದ್ ಮಾಡುವುದು ಸುಲಭವೇ?

ಈಗ ಯಜಮಾನರ ಪ್ರಶ್ನೆಗೆ ಬರೋಣ. ಇಡೀ ಜಗತ್ತಿಗೆ ಜಿಪಿಎಸ್ ನಿಲ್ಲಿಸಿದರೆ ಅಮೆರಿಕದ ವಿಮಾನ, ಬ್ಯಾಂಕು, ಟ್ರಾಕ್ಟರುಗಳೂ ನಿಲ್ಲುತ್ತವೆ. ಆದ್ದರಿಂದ ಹಾಗಾಗುವ ಸಂಭವ ತೀರಾ ಕಡಿಮೆ ಎಂಬುದು ನನ್ನ ಅಭಿಪ್ರಾಯ. ಅಪಾಯ ಬೇರೆ ರೂಪದಲ್ಲಿ ಬರುತ್ತಿದೆ. ಉಪಗ್ರಹದಿಂದ ಗ್ರಾಹಕಕ್ಕೆ ತಲುಪುವ ಶಕ್ತಿ ಒಂದು ವಾಟಿನ ಹತ್ತು ಸಾವಿರ ಲಕ್ಷ ಕೋಟಿಯಲ್ಲೊಂದು ಪಾಲು. ನೆಲದ ಮೇಲಿನ ಸಣ್ಣ ಪ್ರೇಷಕವೊಂದು ಅದನ್ನು ಮುಳುಗಿಸಬಲ್ಲದು, ಇಲ್ಲವೇ ಅದರಂತೆಯೇ ನಟಿಸಿ ಸುಳ್ಳು ಸ್ಥಾನ ತೋರಿಸಬಲ್ಲದು. ಇದಕ್ಕೆ ಉಪಗ್ರಹದ ಒಡೆತನ ಬೇಕಿಲ್ಲ. ಗಡಿಯಲ್ಲಿ ಉದ್ವೇಗವಿದ್ದಲ್ಲೆಲ್ಲ ಈ ಕೆಲಸ ನಡೆಯುತ್ತದೆ. 2023ರ ನವೆಂಬರಿನಿಂದ 2025ರ ಫೆಬ್ರವರಿವರೆಗೆ ಅಮೃತಸರ ಮತ್ತು ಜಮ್ಮು ಪ್ರದೇಶಗಳಲ್ಲಿ ವಿಮಾನಗಳಿಂದ ಇಂಥ 465 ವರದಿಗಳು ಬಂದವೆಂದು ಸರ್ಕಾರ ಸಂಸತ್ತಿಗೆ ತಿಳಿಸಿತು. 2025ರ ನವೆಂಬರಿನಲ್ಲಿ ದೆಹಲಿ ವಿಮಾನ ನಿಲ್ದಾಣದ ಬಳಿಯೇ ಸುಳ್ಳು ಸಂಕೇತಗಳು ವರದಿಯಾದವು. ನೆಲದ ಹಳೆಯ ರೇಡಿಯೊ ಸಾಧನಗಳನ್ನು ಕಿತ್ತುಹಾಕದೆ ಉಳಿಸಿಕೊಂಡದ್ದು ಅಂದು ಉಪಯೋಗಕ್ಕೆ ಬಂತು.

ಸದ್ಯ ನಮ್ಮ ರಕ್ಷಣೆ ಎಂದರೆ ಒಡೆಯರು ಹಲವರಿರುವುದು. ಭಾರತೀಯ ಸರ್ವೇಕ್ಷಣ ಇಲಾಖೆ ಕರ್ನಾಟಕದಲ್ಲೂ ಕಾರ್ಸ್ ಎಂಬ ಸ್ಥಿರ ಗ್ರಾಹಕ ಕೇಂದ್ರಗಳ ಜಾಲವನ್ನು ಸ್ಥಾಪಿಸಿದೆ. ಅದರ ತಿದ್ದುಪಡಿ ಪಡೆಯುವ ರೋವರ್ ಉಪಕರಣ ಕೆಲವು ಸೆಂಟಿಮೀಟರಿನ ನಿಖರತೆ ಕೊಡುತ್ತದೆ. ಅಂಥ ಕಂಬವನ್ನು ದೇವದುರ್ಗದ ಎರೆಹೊಲದಲ್ಲಿ ನೆಟ್ಟರೆ ಅದು ಅಮೆರಿಕ, ರಷ್ಯಾ, ಯೂರೋಪ್, ಚೀನಾ ನಾಲ್ಕೂ ಕಡೆಯ ಉಪಗ್ರಹಗಳನ್ನು ಒಟ್ಟಿಗೆ ಕೇಳಿಸಿಕೊಳ್ಳಬಲ್ಲದು. ಒಂದು ಬಳಗ ಸುಳ್ಳು ಹೇಳಿದರೆ ಉಳಿದವುಗಳ ಲೆಕ್ಕದೊಡನೆ ಅದು ತಾಳೆಯಾಗುವುದಿಲ್ಲ.

ಅಧ್ಯಾಪಕ ಮಿತ್ರರು ಇದನ್ನು ಶಾಲೆಯ ಅಂಗಳದಲ್ಲೇ ಮಾಡಿಸಬಹುದು. ಉಪಗ್ರಹಗಳ ಪಟ್ಟಿಯನ್ನು ದೇಶದ ಧ್ವಜದೊಂದಿಗೆ ತೋರಿಸುವ ಉಚಿತ ತಂತ್ರಾಂಶಗಳು ಫೋನಿಗೆ ಸಿಗುತ್ತವೆ. ಫೋನನ್ನು ಕದಲದಂತೆ ಬಯಲಿನಲ್ಲಿಟ್ಟು ಒಂದು ಗಂಟೆ ಕಾಲ ಎರಡೆರಡು ನಿಮಿಷಕ್ಕೆ ಸ್ಥಾನ ಬರೆದುಕೊಳ್ಳಿ. ಯಾವ ದೇಶದ ಎಷ್ಟು ಉಪಗ್ರಹ ಲೆಕ್ಕಕ್ಕೆ ಸೇರಿವೆ ಎಂಬುದನ್ನೂ ಬರೆಯಿರಿ. ನಮ್ಮ ಧ್ವಜ ಕೆಲವು ಫೋನುಗಳಲ್ಲಿ ಮಾತ್ರ ಕಾಣುತ್ತದೆ. ಗ್ರಾಫಿನ ಮೇಲೆ ಅರ್ಧದಷ್ಟು ಬಿಂದುಗಳನ್ನು ಒಳಗೊಳ್ಳುವ ವೃತ್ತ ಎಳೆದು ಅದರ ವಿಸ್ತೀರ್ಣವನ್ನು ಗುಂಟೆಯಲ್ಲಿ ಹೇಳಿ. ಸೂರ್ಯಾಸ್ತದ ನಂತರ ಮತ್ತೊಮ್ಮೆ ಮಾಡಿದರೆ ಇನ್ನೂ ಒಳ್ಳೆಯದು. ಕಾಂತೀಯ ಸಮಭಾಜಕಕ್ಕೆ ಹತ್ತಿರವಿರುವ ನಮ್ಮ ಪ್ರದೇಶದಲ್ಲಿ, ಮಾರ್ಚ್ ಮತ್ತು ಸೆಪ್ಟೆಂಬರ್ ಆಸುಪಾಸಿನಲ್ಲಿ, ಸಂಜೆಯ ಅಯಾನುಗೋಳ ಸಂಕೇತವನ್ನು ಮಿನುಗಿಸುವುದುಂಟು.

ಮಾನ್ವಿಯ ಆ ಹೊಲದಲ್ಲಿ ನಾವು ಹೀಗೆ ಮಾಡಿದಾಗ ವೃತ್ತ ಬದುವಿನ ಎರಡೂ ಕಡೆ ಬಿತ್ತು. ಯಜಮಾನರು ಹದ್ದುಬಸ್ತಿಗೆ ಅರ್ಜಿ ಹಾಕಿದ್ದಾರೆ.